ವರದಿಯಲ್ಲಿ ಶೇ 100, ಹಾಜರಿ ಪುಸ್ತಕದಲ್ಲಿ ಎಷ್ಟು?

ಪ್ರಶ್ನೆ: ಷೇರುಪೇಟೆಯಲ್ಲಿರುವ ಒಂದು ನಿರ್ಮಾಣ ಕಂಪನಿಯ ಸ್ವಲ್ಪ ಷೇರು ನನ್ನಲ್ಲಿದೆ. ಅದರ ವಾರ್ಷಿಕ ವರದಿಯಲ್ಲಿ ಕಾರ್ಮಿಕರಿಗೆ ಕನಿಷ್ಠ ವೇತನ ಶೇ 100, ದೂರು ಸೊನ್ನೆ ಎಂದಿದೆ. ಸೈಟಿನಲ್ಲಿ ದುಡಿಯುವ ಹೊರರಾಜ್ಯದವರ ಸ್ಥಿತಿ ಇದರಿಂದ ತಿಳಿಯುತ್ತದೆಯೇ?

ಉತ್ತರ: ನೀವು ನೋಡಿರುವುದು ಬಿಆರ್‌ಎಸ್‌ಆರ್, ಅಂದರೆ ಕಂಪನಿಯ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಕಂಪನಿಗಳಿಗೆ ಷೇರುಪೇಟೆಯ ನಿಯಂತ್ರಕ ಸೆಬಿ ಇದನ್ನು 2022–23ರಿಂದ ಕಡ್ಡಾಯ ಮಾಡಿದೆ. ವಲಸೆ ಕಾರ್ಮಿಕರಿಗೆಂದು ಅದರಲ್ಲಿ ಪ್ರತ್ಯೇಕ ಕಲಂ ಇಲ್ಲ. ಆದರೂ ಅಲ್ಲಲ್ಲಿ ಚದುರಿರುವ ಅಂಕಿಗಳನ್ನು ತಾಳೆ ಹಾಕಿದರೆ ಸಾಕಷ್ಟು ಗೊತ್ತಾಗುತ್ತದೆ.

ಮೊದಲು ತಲೆಯೆಣಿಕೆ. 'ಎ' ವಿಭಾಗದಲ್ಲಿ ಕಾರ್ಮಿಕರನ್ನು 'ಕಾಯಂ' ಮತ್ತು 'ಕಾಯಂ ಅಲ್ಲದ' ಎಂದು ಎರಡು ಸಾಲಿನಲ್ಲಿ ಕೊಟ್ಟಿರುತ್ತಾರೆ. ಗುತ್ತಿಗೆಯವರು ಬರಬೇಕಾದದ್ದು ಎರಡನೆಯ ಸಾಲಿನಲ್ಲಿ. ಅದೇ ವರದಿಯ ಇನ್ನೊಂದು ಪುಟದಲ್ಲಿ 'ಇಷ್ಟು ಕೋಟಿ ಗಂಟೆ ಸುರಕ್ಷಿತ ಕೆಲಸ' ಎಂಬ ಹೆಮ್ಮೆಯ ಸಾಲು ಸಾಮಾನ್ಯವಾಗಿ ಇರುತ್ತದೆ. ಒಬ್ಬ ಆಳು ದಿನಕ್ಕೆ 10 ಗಂಟೆಯಂತೆ ವರ್ಷಕ್ಕೆ 300 ದಿನ ದುಡಿದರೂ 3,000 ಗಂಟೆ. 3 ಕೋಟಿ ಗಂಟೆ ಎಂದರೆ ಕಡಿಮೆಯೆಂದರೂ 10,000 ಜನ. ಎಣಿಕೆಯಲ್ಲಿ 1,200 ಕಾಯಂ ಕಾರ್ಮಿಕರು ಮಾತ್ರ ಇದ್ದು ಕೆಳಗಿನ ಸಾಲು ಖಾಲಿಯಿದ್ದರೆ, ಆ ಶೇ 100 ಕೂಡ 1,200 ಜನರದ್ದೇ. ಉಳಿದವರು ಉಪಗುತ್ತಿಗೆದಾರನ ಕೆಳಗೆ ಕಾಣೆಯಾಗಿದ್ದಾರೆ. ಗಂಟೆ ಲೆಕ್ಕಕ್ಕೆ ಬೇಕಾದವರು ಸಂಬಳದ ಲೆಕ್ಕಕ್ಕೆ ಬೇಡವಾದರು.

ಎರಡನೆಯದು ಅಪಘಾತ. ಎಲ್‌ಟಿಐಎಫ್‌ಆರ್ ಎಂದರೆ, ಗಾಯದಿಂದ ಕೆಲಸ ತಪ್ಪಿದ ಪ್ರಕರಣಗಳನ್ನು 10 ಲಕ್ಷದಿಂದ ಗುಣಿಸಿ ಒಟ್ಟು ಗಂಟೆಗಳಿಂದ ಭಾಗಿಸಿದ ಅಂಕಿ. 3 ಕೋಟಿ ಗಂಟೆಗೆ 0.1 ಎಂದಿದ್ದರೆ ಮೂರು ಪ್ರಕರಣ. ಅದೇ ಕೋಷ್ಟಕದಲ್ಲಿ ಸಾವು ಕೂಡ ಮೂರು ಎಂದಿದ್ದರೆ, ಕೆಲಸ ತಪ್ಪುವಷ್ಟು ಪೆಟ್ಟಾದವರೆಲ್ಲ ಸತ್ತೇಹೋದರು, ಕೈಕಾಲು ಮುರಿದುಕೊಂಡವರು ಒಬ್ಬರೂ ಇಲ್ಲ ಎಂದಾಯಿತು. ಸೆಂಟ್ರಿಂಗ್ (ಕಾಂಕ್ರೀಟಿಗೆ ಅಚ್ಚು ಕಟ್ಟುವ) ಕೆಲಸ ಬಲ್ಲ ಯಾರೂ ಇದನ್ನು ನಂಬುವುದಿಲ್ಲ. ಗಾಯಾಳುವಿಗೆ ಹಾಜರಿ ಹಾಕಿ ಲೇಬರ್ ಶೆಡ್ಡಿನಲ್ಲಿ ಕೂರಿಸುವುದು, ಇಲ್ಲವೇ ರೈಲು ಹತ್ತಿಸಿ ಊರಿಗೆ ಕಳಿಸುವುದು ದಾಖಲೆಯಿಂದ ತಪ್ಪಿಸುವ ಹಳೆಯ ದಾರಿ.

ಇನ್ನು ಶೇ 100 ಕನಿಷ್ಠ ವೇತನ. ಸೈಟಿನಲ್ಲಿ 12 ಗಂಟೆಗೆ 'ಒಂದೂವರೆ ಹಾಜರಿ', ಅಂದರೆ ಒಂದೂವರೆ ದಿನದ ಕೂಲಿ, ಕೊಡುವುದು ರೂಢಿ. ಹೆಚ್ಚುವರಿ ಗಂಟೆಗಳಿಗೆ (ಓಟಿ) ಎರಡು ಪಟ್ಟು ಕೊಡಬೇಕೆಂಬುದು ಕಾನೂನು. ಮೊದಲ 8 ಗಂಟೆಗೆ ಒಂದು ಹಾಜರಿ, ಮೇಲಿನ 4 ಗಂಟೆಗೆ ಇನ್ನೊಂದು, ಒಟ್ಟು ಎರಡು ಆಗಬೇಕು. ದಿನಕ್ಕೆ ಅರ್ಧ ಹಾಜರಿ ಹೋಯಿತು. ವೇತನದ ಕೋಷ್ಟಕದಲ್ಲಿ ಅದಕ್ಕೆ ಜಾಗವೇ ಇಲ್ಲ. ಹತ್ತು ಸಾವಿರ ಜನರಿಂದ ವೇತನದ ಒಂದು ದೂರೂ ಬಂದಿಲ್ಲವೆಂದರೆ ದೂರು ಕೊಡುವ ದಾರಿ ಅವರಿಗೆ ತೆರೆದಿಲ್ಲವೆಂದೇ ನನ್ನ ಓದು. ಸಹಾಯವಾಣಿ ಹಿಂದಿ, ಒಡಿಯಾ, ಬಂಗಾಳಿಯಲ್ಲಿ ಇದೆಯೇ, ಗುತ್ತಿಗೆಯವರೂ ಕರೆ ಮಾಡಬಹುದೇ ನೋಡಿ.

ವಾರ್ಷಿಕ ಸಭೆಗೆ ಮುಂಚೆ ಕಂಪನಿ ಕಾರ್ಯದರ್ಶಿಗೆ ಇಮೇಲ್‌ನಲ್ಲಿ ಮೂರು ಪ್ರಶ್ನೆ ಕಳಿಸಿ: ಉಪಗುತ್ತಿಗೆದಾರರ ಕೆಳಗೆ ಎಷ್ಟು ಜನ, ಅವರಲ್ಲಿ ಹೊರರಾಜ್ಯದವರೆಷ್ಟು? ಗುತ್ತಿಗೆದಾರ ಉಳಿಸಿಕೊಂಡ ಕೂಲಿಯನ್ನು ಈ ವರ್ಷ ಕಂಪನಿಯೇ ತುಂಬಿದ ಪ್ರಕರಣಗಳೆಷ್ಟು? ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾದವರೆಷ್ಟು? ಎರಡನೆಯದಕ್ಕೆ 'ಸೊನ್ನೆ' ಎಂಬ ಉತ್ತರಕ್ಕಿಂತ ಒಂದು ಅಂಕಿ ಬಂದರೆ ಹೆಚ್ಚು ನಂಬುವೆ.

ಪ್ರಶ್ನೆ: ಯಾದಗಿರಿ, ರಾಯಚೂರು ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದವರೂ ವಲಸೆ ಕಾರ್ಮಿಕರೆಂದು ಲೆಕ್ಕವೇ?

ಉತ್ತರ: ಕಾನೂನಿನ ಕಣ್ಣಿಗೆ ಅಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯೂ ಅದರ ಜಾಗಕ್ಕೆ 2025ರ ನವೆಂಬರ್ 21ರಂದು ಬಂದ ಕಾರ್ಮಿಕ ಸಂಹಿತೆಯೂ ಹೇಳುವುದು ರಾಜ್ಯದ ಗಡಿ ದಾಟಿದವರ ಬಗ್ಗೆ. ಊರಿಗೆ ಹೋಗಿಬರುವ ಭತ್ಯೆ ಹೊಸ ಸಂಹಿತೆಯಲ್ಲಿ ಒಡಿಶಾದವನಿಗೆ ಉಂಟು, ಶಹಾಪುರದವನಿಗೆ ಇಲ್ಲ. ಕಂಪನಿ 'ಅಂತರರಾಜ್ಯ ವಲಸಿಗರು ಇಷ್ಟು' ಎಂದು ಪ್ರಾಮಾಣಿಕವಾಗಿ ಬರೆದರೂ ಉತ್ತರ ಕರ್ನಾಟಕದವರು ಹೊರಗೇ ಉಳಿಯುತ್ತಾರೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಬಾಗಿಲು ಮಾತ್ರ ಇಬ್ಬರಿಗೂ ತೆರೆದಿದೆ: ವಯಸ್ಸು 18ರಿಂದ 60, ಹಿಂದಿನ 12 ತಿಂಗಳಲ್ಲಿ 90 ದಿನದ ಕೆಲಸ. ಎಡವುವುದು ಉದ್ಯೋಗ ದೃಢೀಕರಣ ಪತ್ರದಲ್ಲಿ. ಗುತ್ತಿಗೆದಾರ ಸಹಿ ಹಾಕುವುದಿಲ್ಲ. ಮಂಡಳಿಗೆಂದು ನಿರ್ಮಾಣ ವೆಚ್ಚದ ಮೇಲೆ ಕಟ್ಟುವ ಸೆಸ್ ಬಗ್ಗೆ 'ಸೆಸ್ ಕಟ್ಟಿದ್ದೇವೆ' ಎಂಬ ಸಾಲು ವರದಿಯಲ್ಲಿದ್ದರೆ ಅದನ್ನು ಕಲ್ಯಾಣವೆಂದು ಓದಬೇಡಿ. ಸೆಸ್ ಕಟ್ಟಿದ ಸೈಟಿನಲ್ಲೂ ಮಂಡಳಿಯ ಕಾರ್ಡ್ ಇಲ್ಲದವರೇ ತುಂಬಿರಬಹುದು.

ಪ್ರಶ್ನೆ: ನಾನು ಉಪಗುತ್ತಿಗೆ ಸಂಸ್ಥೆಯಲ್ಲಿ ಲೆಕ್ಕ ನೋಡುತ್ತೇನೆ. ಮೂಲ ಕಂಪನಿ ಈ ಸಲ ಕಾರ್ಮಿಕರ 'ಪೂರ್ಣ ಮಾಹಿತಿ' ಕೇಳಿದೆ. ಏನೇನು ಜೋಡಿಸಲಿ?

ಉತ್ತರ: ಹಾಜರಿ ಪುಸ್ತಕ, ವೇತನ ಚೀಟಿ, ಪಿಎಫ್‌ನ ಯುಎಎನ್ (ಸದಸ್ಯನ ಖಾತೆ ಸಂಖ್ಯೆ), ಬ್ಯಾಂಕ್ ಜಮೆಯ ಪಟ್ಟಿ. ನಾಲ್ಕರಲ್ಲೂ ಅದೇ ಹೆಸರು, ಅದೇ ದಿನಗಳು ಇರಬೇಕು. ಸಾಮಾನ್ಯವಾಗಿ ತಾಳೆ ತಪ್ಪುವುದು ಬ್ಯಾಂಕ್ ಪಟ್ಟಿಯಲ್ಲಿ: 60 ಜನರ ಕೂಲಿ ಮೇಸ್ತ್ರಿಯ ಒಂದೇ ಖಾತೆಗೆ ಹೋಗಿರುತ್ತದೆ. ಅವನು ಮುಂಗಡ, ಊಟ, ಕಮಿಷನ್ ಮುರಿದುಕೊಂಡು ವಾರದ ಖರ್ಚಿ ಕೊಟ್ಟು, ಬಾಕಿಯನ್ನು ಊರಿಗೆ ಹೊರಡುವ ದಿನದವರೆಗೆ ಹಿಡಿದಿಡುತ್ತಾನೆ. ಹಾಗೆ ಹಿಡಿದ ಬಾಕಿಯೂ ವೇತನ ಬಾಕಿಯೇ. ತಿಂಗಳ ಕೂಲಿ ಮುಂದಿನ 7ನೇ ತಾರೀಖಿನೊಳಗೆ ಆಳಿನ ಕೈ ಸೇರಬೇಕು. ನೀವು ಕೊಡದಿದ್ದರೆ ಮೂಲ ಕಂಪನಿ ಕೊಟ್ಟು ನಿಮ್ಮ ಬಿಲ್ಲಿನಲ್ಲಿ ಮುರಿದುಕೊಳ್ಳಬಹುದು. ಆದ್ದರಿಂದ ಐದನೆಯ ಕಾಗದವೊಂದನ್ನು ನೀವೇ ಸೇರಿಸಿ: ಯಾವ ಮೇಸ್ತ್ರಿ, ಯಾವ ಜಿಲ್ಲೆಯಿಂದ, ಎಷ್ಟು ಮುಂಗಡ ಕೊಟ್ಟು ಕರೆತಂದ ಎಂಬುದು. ಬಿಆರ್‌ಎಸ್‌ಆರ್ ಇದನ್ನು ಕೇಳುವುದಿಲ್ಲ, ಆದರೆ ಜೀತದ ಆರೋಪ ಬಂದರೆ ಮೊದಲು ಹುಡುಕುವುದು ಅದನ್ನೇ.

ಪ್ರಶ್ನೆ: ತಮ್ಮನಿಗೆ ಕತಾರ್‌ನಲ್ಲಿ ಕಟ್ಟಡ ಕೆಲಸ ಸಿಕ್ಕಿದೆ. ಕಂಪನಿ ಹೇಗಿದೆಯೆಂದು ಉಡುಪಿಯಲ್ಲಿ ಕೂತು ತಿಳಿಯಬಹುದೇ?

ಉತ್ತರ: ಸ್ವಲ್ಪ ಮಟ್ಟಿಗೆ. ಏಜೆಂಟರ ಪರವಾನಗಿಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಿ. ಏಜೆಂಟ್ ತೆಗೆದುಕೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ ₹30,000 ಮತ್ತು ಜಿಎಸ್‌ಟಿ; ರಸೀದಿ ಬಿಡಬೇಡಿ. 2021ರ ಮಾರ್ಚ್‌ನಿಂದ ಕತಾರ್‌ನಲ್ಲಿ ಕನಿಷ್ಠ ವೇತನ 1,000 ರಿಯಾಲ್. ವಸತಿ ಕೊಡದಿದ್ದರೆ 500, ಊಟ ಕೊಡದಿದ್ದರೆ 300 ಸೇರಬೇಕು. ಕರಾರು ಪತ್ರದಲ್ಲಿ ಇವು ಬೇರೆಬೇರೆಯಾಗಿ ಇರಲಿ. ಕಂಪನಿಯ ಜಾಲತಾಣದಲ್ಲಿ 'ಕಾರ್ಮಿಕರಿಂದ ಶುಲ್ಕ ಪಡೆಯುವುದಿಲ್ಲ' ಎಂಬ ನೀತಿ ಹಲವರದ್ದು ಇರುತ್ತದೆ. ಈಗಾಗಲೇ ಕಟ್ಟಿದವರಿಗೆ ಎಷ್ಟು ಹಣ ಮರಳಿಸಿದೆವು ಎಂಬ ಲೆಕ್ಕ ಇದೆಯೇ ಹುಡುಕಿ. ವಿಶ್ವಕಪ್ ಕಾಮಗಾರಿಯ ಹಲವು ಗುತ್ತಿಗೆದಾರರು ರಸೀದಿ ಕೇಳದೆ ಹಾಗೆ ಮರಳಿಸಲು ಒಪ್ಪಿದ್ದರು. ನಿಮ್ಮ ತಮ್ಮ ಹತ್ತನೇ ತರಗತಿ ಪಾಸಾಗಿರದಿದ್ದರೆ, ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕಾದ ಇಸಿಆರ್ ಪಾಸ್‌ಪೋರ್ಟ್ ಬರುತ್ತದೆ, ಪ್ರವಾಸಿ ಭಾರತೀಯ ಬಿಮಾ ಕಡ್ಡಾಯ: ₹10 ಲಕ್ಷದ ವಿಮೆಗೆ ಎರಡು ವರ್ಷಕ್ಕೆ ₹275, ಮೂರು ವರ್ಷಕ್ಕೆ ₹375. ವಿಸಿಟ್ ವೀಸಾದಲ್ಲಿ ಕಳಿಸುತ್ತೇನೆಂದರೆ ಈ ಯಾವುದೂ ಅನ್ವಯಿಸದು. ಅಂಥ ಏಜೆಂಟನಿಗೆ ಪಾಸ್‌ಪೋರ್ಟ್ ಕೊಡಬೇಡಿ.