ಲೇಖನದಲ್ಲಿ ನಿಮ್ಮ ಅಂಗಡಿ ಎಲ್ಲಿದೆ?

ನಮಸ್ಕಾರ,

ನೀವು ಕಳಿಸಿದ ‘ಕ್ಯಾನ್ಸರ್ ಔಷಧ ಮಾರುಕಟ್ಟೆಯ ಉಜ್ವಲ ಭವಿಷ್ಯ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ. ಬೇಡದ ಲೇಖನಕ್ಕೆ ನಾನು ಸಾಮಾನ್ಯವಾಗಿ ಎರಡು ಸಾಲಿನ ಉತ್ತರ ಬರೆದು ಸುಮ್ಮನಾಗುತ್ತೇನೆ. ನಿಮ್ಮ ಏಳು ಪುಟದಲ್ಲಿ ಒಂದೇ ಒಂದು ವಾಕ್ಯ ನನ್ನನ್ನು ಹಿಡಿದು ನಿಲ್ಲಿಸಿತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಬೈಗುಳ ಮುಗಿಸಿಬಿಡೋಣ. ಶುರುವಿನ ನಾಲ್ಕು ಪುಟ ಬರೀ ಅಂಕಿ. ಇಷ್ಟು ಬಿಲಿಯನ್ ಇದ್ದದ್ದು ಅಷ್ಟು ಬಿಲಿಯನ್ ಆಗುತ್ತದೆ, ಏಷ್ಯಾದ ಪಾಲು ಇಷ್ಟು, ಯುರೋಪಿನದು ಅಷ್ಟು. ಮಾರ್ಕೆಟ್ ರಿಪೋರ್ಟ್ ಮಾರುವವರ ಜಾಹೀರಾತಿನಿಂದ ಎತ್ತಿದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಒಬ್ಬರ ಲೆಕ್ಕ ಇನ್ನೊಬ್ಬರದಕ್ಕೆ ತಾಳೆಯಾಗುವುದಿಲ್ಲ. ನೀವೇ ಎರಡನೇ ಪುಟದಲ್ಲಿ ಒಂದು ಮೊತ್ತ, ನಾಲ್ಕನೇ ಪುಟದಲ್ಲಿ ಇನ್ನೊಂದು ಮೊತ್ತ ಕೊಟ್ಟಿದ್ದೀರಿ. ಭಾಷೆಯೂ ಅಲ್ಲಿಂದಲೇ ಬಂದಿದೆ. ‘ಮಾರುಕಟ್ಟೆಯು ಎರಡಂಕಿಯ ಬೆಳವಣಿಗೆಗೆ ಸಾಕ್ಷಿಯಾಗಲಿದೆ’ ಅಂತೀರಿ. ಯಾವ ಕೋರ್ಟಿನಲ್ಲಿ? ನಮ್ಮಲ್ಲಿ ವ್ಯಾಪಾರ ಕುದುರುತ್ತದೆ, ಜೋರಾಗುತ್ತದೆ, ಬಿದ್ದುಹೋಗುತ್ತದೆ. ಸಾಕ್ಷಿ ಹೇಳಲು ಹೋಗುವುದಿಲ್ಲ.

ದಾವಣಗೆರೆಯಲ್ಲಿ ಹದಿನೆಂಟು ವರ್ಷದಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ ಅಂತ ನಿಮ್ಮ ಪತ್ರದಲ್ಲಿದೆ. ಲೇಖನದಲ್ಲಿ ಆ ಅಂಗಡಿ ಎಲ್ಲೂ ಇಲ್ಲ. ಐದನೇ ಪುಟದ ಕೊನೆಯಲ್ಲಿ, ಹೇಳಲೋ ಬೇಡವೋ ಅನ್ನುವ ಹಾಗೆ, ಆವರಣದೊಳಗೆ, ರಕ್ತದ ಕ್ಯಾನ್ಸರಿನ ಮಾತ್ರೆಯೊಂದರ ಬಗ್ಗೆ ಒಂದು ಮಾತಿದೆ: ‘ನಮ್ಮಲ್ಲಿ ಒಬ್ಬರು ಇಮ್ಯಾಟಿನಿಬ್ ಸ್ಟ್ರಿಪ್ ಕತ್ತರಿಸಿ ಐದೇ ಮಾತ್ರೆ ಕೊಡಿ ಅನ್ನುತ್ತಾರೆ.’ ನನ್ನನ್ನು ನಿಲ್ಲಿಸಿದ ವಾಕ್ಯ ಇದು. ಲೇಖನ ಇಲ್ಲಿಂದ ಶುರುವಾಗಬೇಕಿತ್ತು. ನೀವು ಆವರಣ ಮುಚ್ಚಿ ನೇರ ಅಮೆರಿಕದ ದೊಡ್ಡ ಔಷಧ ಕಂಪನಿಗಳಿರುವ ನ್ಯೂಜೆರ್ಸಿಗೆ ಹೋಗಿಬಿಟ್ಟಿರಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಆ ಐದು ಮಾತ್ರೆಯಲ್ಲೇ ನಿಮ್ಮ ಇಡೀ ವಿಷಯ ಇದೆ. ಇಮ್ಯಾಟಿನಿಬ್ ಕೆಲಸ ಮಾಡುವ ರೀತಿಗೆ ನೀವು ‘ಕ್ಷಿಪಣಿ’ ಅಂತ ಹೋಲಿಕೆ ಕೊಟ್ಟಿದ್ದೀರಿ. ಕ್ಷಿಪಣಿ ಒಂದು ಸಲ ಹಾರಿ, ಸಿಡಿದು, ಮುಗಿಯುತ್ತದೆ. ಈ ಮಾತ್ರೆ ಹಾಗಲ್ಲ. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಅನ್ನುವ ರಕ್ತದ ಕ್ಯಾನ್ಸರಿನಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳ, ಅಂದರೆ ಜೀವಕೋಶದೊಳಗೆ ವಂಶವಾಹಿಗಳನ್ನು ಹೊತ್ತ ಎಳೆಗಳ, ತುಂಡುಗಳು ಅದಲು ಬದಲಾಗಿರುತ್ತವೆ. ಆ ಬೆಸುಗೆಯಿಂದ ಒಂದು ತಪ್ಪು ಪ್ರೋಟೀನು ಹುಟ್ಟುತ್ತದೆ. ಬೋರ್‌ವೆಲ್ ಮೋಟಾರಿನ ಸ್ಟಾರ್ಟರು ಆನ್ ಆಗಿಯೇ ಅಂಟಿಕೊಂಡರೆ ನೀರು ಹರಿಯುತ್ತಲೇ ಇರುತ್ತದಲ್ಲ, ಹಾಗೆ ಬಿಳಿ ರಕ್ತಕಣಗಳು ಹುಟ್ಟುತ್ತಲೇ ಇರುತ್ತವೆ. ಮಾತ್ರೆ ಆ ಪ್ರೋಟೀನಿನ ಒಂದು ಸಂದಿಯಲ್ಲಿ ಹೋಗಿ ಕೂತು ಸ್ಟಾರ್ಟರನ್ನು ಅದುಮಿ ಹಿಡಿಯುತ್ತದೆ. ಹಿಡಿದ ಕೈ ಬಿಟ್ಟರೆ ಮೋಟಾರು ಮತ್ತೆ ಶುರು. ಅದಕ್ಕೇ ದಿನಾ ನುಂಗಬೇಕು, ವರ್ಷಗಟ್ಟಲೆ. ಎಷ್ಟೋ ವರ್ಷದ ಮೇಲೆ ವೈದ್ಯರ ಕಣ್ಗಾವಲಿನಲ್ಲಿ ನಿಲ್ಲಿಸಲು ಸಾಧ್ಯವಾದವರೂ ಇದ್ದಾರೆ, ಆದರೆ ಎಲ್ಲರಿಗೂ ಅಲ್ಲ.

ಈಗ ನಿಮ್ಮ ಗ್ರಾಹಕರನ್ನು ನೋಡಿ. ಐದೇ ಮಾತ್ರೆ ಒಯ್ಯುವವರು ಆರನೇ ದಿನ ಬರುತ್ತಾರಾ, ಹತ್ತನೇ ದಿನ ಬರುತ್ತಾರಾ? ಹತ್ತನೇ ದಿನ ಅಂದರೆ ನಡುವೆ ಮೋಟಾರು ಓಡುತ್ತಿದೆ. ನಿಮಗೆ ಇದು ಗೊತ್ತು. ಓದುಗರಿಗೆ ಗೊತ್ತಿಲ್ಲ.

ಮಾರುಕಟ್ಟೆಯ ಗುಟ್ಟೂ ಇಲ್ಲೇ ಇದೆ. ಕಾಯಿಲೆಯವರು ಬದುಕುತ್ತಾರೆ, ಬದುಕಿದಷ್ಟು ದಿನ ಕೊಳ್ಳುತ್ತಾರೆ. ಔಷಧಿ ಗುಣ ಕೊಟ್ಟಷ್ಟೂ ವ್ಯಾಪಾರ ಜಾಸ್ತಿ. ಅಮೆರಿಕದಲ್ಲಿ 2001ರಲ್ಲಿ ಈ ಮಾತ್ರೆಗೆ ವರ್ಷಕ್ಕೆ 30,000 ಡಾಲರ್ ಆಸುಪಾಸು ಖರ್ಚಿತ್ತು. 2012ರ ಹೊತ್ತಿಗೆ 90,000 ದಾಟಿತ್ತು. ಮಾತ್ರೆ ಅದೇ. 2013ರಲ್ಲಿ ಈ ಕಾಯಿಲೆಯ ನೂರಕ್ಕೂ ಹೆಚ್ಚು ತಜ್ಞರು ಸೇರಿ, ಈ ಬೆಲೆ ಸರಿಯಲ್ಲ ಅಂತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ನಿಮ್ಮ ಬಿಲಿಯನ್‌ಗಳ ನಾಲ್ಕು ಪುಟಕ್ಕಿಂತ ಈ ಎರಡು ಅಂಕಿ ಜಾಸ್ತಿ ಹೇಳುತ್ತವೆ, ಅಲ್ವಾ?

ಇನ್ನು ತಪ್ಪುಗಳು. ‘ಸುಪ್ರೀಂ ಕೋರ್ಟ್ ಗ್ಲಿವೆಕ್ ಪೇಟೆಂಟ್ ರದ್ದು ಮಾಡಿತು’ ಅಂತ ಬರೆದಿದ್ದೀರಿ. ಗ್ಲಿವೆಕ್ ಅಂದರೆ ಇದೇ ಇಮ್ಯಾಟಿನಿಬ್‌ಗೆ ನೊವಾರ್ಟಿಸ್ ಕಂಪನಿ ಇಟ್ಟ ಹೆಸರು. ಪೇಟೆಂಟ್ ಕೊಟ್ಟಿದ್ದರೆ ತಾನೇ ರದ್ದು ಮಾಡುವುದು? ನೊವಾರ್ಟಿಸ್ 1998ರಲ್ಲಿ ಚೆನ್ನೈನಲ್ಲಿ ಅರ್ಜಿ ಹಾಕಿತು, 2006ರಲ್ಲಿ ಪೇಟೆಂಟ್ ಕಚೇರಿ ಅದನ್ನು ತಿರಸ್ಕರಿಸಿತು. ತಿರಸ್ಕರಿಸಿದ್ದು ಸರಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2013ರ ಏಪ್ರಿಲ್ 1ರಂದು. ಗೊತ್ತಿರುವ ವಸ್ತುವಿನ ಹೊಸ ರೂಪ ಹೆಚ್ಚು ಗುಣ ಕೊಡದಿದ್ದರೆ ಅದು ಹೊಸ ಆವಿಷ್ಕಾರವಲ್ಲ ಅನ್ನುತ್ತದೆ ನಮ್ಮ ಪೇಟೆಂಟ್ ಕಾಯ್ದೆಯ 3(ಡಿ). ಕಂಪನಿಯ ಮಾತ್ರೆಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಇದ್ದಾಗ ನಮ್ಮ ಜೆನೆರಿಕ್ ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತಿತ್ತು. ಕಂಪನಿ ಬಹಳ ಜನರಿಗೆ ಉಚಿತವಾಗಿಯೂ ಕೊಡುತ್ತಿತ್ತು. ಅದನ್ನು ಬಿಡಬೇಡಿ, ಬಿಟ್ಟರೆ ಓದುಗರಿಗೆ ಅರ್ಧ ಕತೆ ಹೇಳಿದ ಹಾಗೆ.

ನೀವು ಇದನ್ನು ನೆಕ್ಸಾವರ್ ಅನ್ನುವ ಇನ್ನೊಂದು ಕ್ಯಾನ್ಸರ್ ಔಷಧಿಯ ಪ್ರಕರಣದ ಜೊತೆ ಕಲಸಿದ್ದೀರಿ. ಅದು ಬೇರೆ. ಬೇಯರ್ ಕಂಪನಿಗೆ ಅಲ್ಲಿ ಪೇಟೆಂಟ್ ಇತ್ತು. 2012ರ ಮಾರ್ಚ್‌ನಲ್ಲಿ ಸರ್ಕಾರ ಹೈದರಾಬಾದಿನ ನಾಟ್ಕೊ ಕಂಪನಿಗೆ ಕಡ್ಡಾಯ ಲೈಸೆನ್ಸ್, ಅಂದರೆ ಪೇಟೆಂಟ್ ಇದ್ದವರು ಒಪ್ಪದಿದ್ದರೂ ಮಾಡಿ ಮಾರುವ ಅನುಮತಿ, ಕೊಟ್ಟಿತು. ತಿಂಗಳಿಗೆ 2,80,428 ರೂಪಾಯಿ ಇದ್ದ ಔಷಧಿಯನ್ನು 8,880 ರೂಪಾಯಿಗೆ ಮಾರಬೇಕು ಅನ್ನುವ ಷರತ್ತಿನ ಮೇಲೆ.

ಇಮ್ಯಾಟಿನಿಬ್‌ನಂತೆ ಕ್ಯಾನ್ಸರಿನ ಒಂದು ನಿರ್ದಿಷ್ಟ ಅಂಶಕ್ಕೇ ಗುರಿಯಿಡುವ ಔಷಧಿಗಳ ಬಗ್ಗೆ ‘ಗುರಿ ಔಷಧಿಗೆ ಅಡ್ಡಪರಿಣಾಮ ಇಲ್ಲ’ ಅನ್ನುವ ಸಾಲನ್ನು ಇವತ್ತೇ ಅಳಿಸಿ. ಔಷಧಿ ಮಾರುವವರು ಹಾಗೆ ಬರೆಯಬಾರದು. ಇಮ್ಯಾಟಿನಿಬ್ ತೆಗೆದುಕೊಳ್ಳುವವರಿಗೆ ಕಣ್ಣಿನ ಸುತ್ತ ಊತ ಬರುತ್ತದೆ, ಕಾಲು ಹಿಡಿದುಕೊಳ್ಳುತ್ತದೆ. ಶ್ವಾಸಕೋಶದ ಕ್ಯಾನ್ಸರಿನ ಕೆಲವು ಮಾತ್ರೆಗಳಿಂದ ಮುಖದ ತುಂಬ ಮೊಡವೆಯಂಥ ಗುಳ್ಳೆ ಏಳುತ್ತವೆ, ಭೇದಿಯಾಗುತ್ತದೆ. ಸ್ತನ ಕ್ಯಾನ್ಸರಿನ ಔಷಧಿ ಟ್ರಾಸ್ಟುಜುಮ್ಯಾಬ್ ಕೊಡುವಾಗ ಹೃದಯವನ್ನು ಆಗಾಗ ಪರೀಕ್ಷೆ ಮಾಡುತ್ತಾರೆ. ಕೀಟ್ರೂಡಾ ಅನ್ನುವ ಕ್ಯಾನ್ಸರ್ ಔಷಧಿಯನ್ನೂ ಗುರಿ ಔಷಧಿಗಳ ಸಾಲಿಗೆ ಸೇರಿಸಿದ್ದೀರಿ, ಅದನ್ನು ಇಮ್ಯುನೊಥೆರಪಿ ಅಂತ ಬೇರೆಯಾಗಿ ಲೆಕ್ಕ ಹಿಡಿಯುತ್ತಾರೆ. ಕ್ಯಾನ್ಸರ್ ಕಣವನ್ನು ಅದು ನೇರವಾಗಿ ಮುಟ್ಟುವುದಿಲ್ಲ, ದೇಹದ ರಕ್ಷಣಾ ಪಡೆಗೆ ಬಿದ್ದಿರುವ ಬ್ರೇಕನ್ನು ತೆಗೆಯುತ್ತದೆ.

‘ರಾತ್ರೋರಾತ್ರಿ ಕ್ರಾಂತಿ’ ಕೂಡ ಬೇಡ. ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್, ಡೇವಿಡ್ ಹಂಗರ್‌ಫರ್ಡ್ ಅನ್ನುವ ವಿಜ್ಞಾನಿಗಳು ಈ ರಕ್ತದ ಕ್ಯಾನ್ಸರಿನವರಲ್ಲಿ ಒಂದು ವಿಚಿತ್ರ ಚಿಕ್ಕ ಕ್ರೋಮೋಸೋಮನ್ನು ಕಂಡದ್ದು 1960ರಲ್ಲಿ. ಇಮ್ಯಾಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ನಲವತ್ತೊಂದು ವರ್ಷ! ನಡುವೆ ಷಿಕಾಗೋದ ವಿಜ್ಞಾನಿ ಜಾನೆಟ್ ರೌಲಿ ಕ್ರೋಮೋಸೋಮಿನ ಫೋಟೋಗಳನ್ನು ಕತ್ತರಿಸಿ, ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡು ಜೋಡಿಸುತ್ತಿದ್ದರು. ತುಂಡುಗಳು ಅದಲು ಬದಲಾಗಿವೆ ಅಂತ ಅವರು ಪ್ರಕಟಿಸಿದ್ದು 1973ರಲ್ಲಿ. ಇಂಥದ್ದು ಒಂದು ಸಾಕು.

ಭವಿಷ್ಯದ ಬಗ್ಗೆ ಬರೆಯಲೇಬೇಕು ಅಂದರೆ ಪೇಟೆಂಟ್ ಮುಗಿಯುವ ತಾರೀಖುಗಳನ್ನು ನೋಡಿ. ಕೀಟ್ರೂಡಾ 2024ರಲ್ಲಿ ಸುಮಾರು 2,950 ಕೋಟಿ ಡಾಲರ್ ವ್ಯಾಪಾರ ಮಾಡಿತು. ಅಮೆರಿಕದಲ್ಲಿ ಅದರ ಮುಖ್ಯ ಪೇಟೆಂಟ್ 2028ರಲ್ಲಿ ಮುಗಿಯುತ್ತದೆ. ಆಗ ಏನಾಗಬಹುದು ಅನ್ನುವುದಕ್ಕೆ ನಮ್ಮೂರಿನದೇ ಉದಾಹರಣೆ ಇದೆ. ಸ್ತನ ಕ್ಯಾನ್ಸರಿನ ಐದರಲ್ಲಿ ಒಂದರಷ್ಟು ಪ್ರಕರಣಕ್ಕೆ ಬೇಕಾಗುವ ಟ್ರಾಸ್ಟುಜುಮ್ಯಾಬ್ ಅಮೆರಿಕದಲ್ಲಿ ಬಂದದ್ದು 1998ರಲ್ಲಿ. ಬೆಂಗಳೂರಿನ ಬಯೋಕಾನ್ ಕಂಪನಿ ಅದರ ಬಯೋಸಿಮಿಲರ್ ಅನ್ನು, ಅಂದರೆ ಮೂಲ ಔಷಧಿಯನ್ನೇ ಹೋಲುವ ಇನ್ನೊಂದನ್ನು, 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ಮೈಲಾನ್ ಅನ್ನುವ ಔಷಧ ಕಂಪನಿಯ ಜೊತೆ ಸೇರಿ 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಒಪ್ಪಿಗೆಯನ್ನೂ ಪಡೆಯಿತು. ಅಲ್ಲಿ ಈ ಔಷಧಿಗೆ ಒಪ್ಪಿಗೆ ಸಿಕ್ಕ ಮೊದಲ ಬಯೋಸಿಮಿಲರ್ ಅದು. ನಿಮ್ಮ ಲೇಖನದಲ್ಲಿ ನ್ಯೂಜೆರ್ಸಿ ಮೂರು ಸಲ ಬರುತ್ತದೆ, ಬಯೋಕಾನ್ ಇರುವ ಬೊಮ್ಮಸಂದ್ರ ಒಂದು ಸಲವೂ ಇಲ್ಲ.

2019ರಲ್ಲಿ ಕೇಂದ್ರದ ಬೆಲೆ ಪ್ರಾಧಿಕಾರ 42 ಕ್ಯಾನ್ಸರ್ ಔಷಧಿಗಳ ವ್ಯಾಪಾರದ ಲಾಭಕ್ಕೆ ಶೇ 30ರ ಮಿತಿ ಹಾಕಿತಲ್ಲ, ಆಗ ನಿಮ್ಮ ಕೌಂಟರಿನಲ್ಲಿ ಏನಾಯಿತು? ಹೋಲ್‌ಸೇಲಿನವರು ಏನಂದರು? ಹಳೆಯ ಬಿಲ್ ಬುಕ್ಕು ತೆಗೆದು ನೋಡಿ. ಇದು ನನಗೆ ಯಾವ ರಿಪೋರ್ಟಿನಲ್ಲೂ ಸಿಗುವುದಿಲ್ಲ.

ಹೊಸದಾಗಿ ಬರೆಯಿರಿ. ಏಳು ಪುಟ ಬೇಡ, ಮೂರು ಸಾಕು. ತಿಂಗಳ ಕೊನೆಯೊಳಗೆ ಬಂದರೆ ಮುಂದಿನ ಸಂಚಿಕೆಗೆ ನೋಡುತ್ತೇನೆ. ಆ ಗ್ರಾಹಕರನ್ನು ಕೇಳಿ, ಅವರು ಒಪ್ಪಿದರೆ ಮಾತ್ರ ಅವರ ವಿಷಯ ಬರೆಯಿರಿ. ಹೆಸರು, ಊರು, ಬೀದಿ ಏನೂ ಬೇಡ. ಸ್ಟ್ರಿಪ್ ಕತ್ತರಿಸುವಾಗ ಎಕ್ಸ್‌ಪೈರಿ ಡೇಟ್ ಇರುವ ತುದಿ ಯಾರ ಕಡೆ ಉಳಿಯುತ್ತದೆ, ಮಿಕ್ಕ ಐದು ಮಾತ್ರೆಯನ್ನು ಅವರಿಗಾಗಿ ಎತ್ತಿಡುತ್ತೀರಾ, ಬೇರೆಯವರಿಗೆ ಮಾರುತ್ತೀರಾ, ಅದನ್ನೂ ಬರೆಯಿರಿ.

ಇಂತಿ,
ಸಂಪಾದಕ