ದುಡ್ಡಿನ ಪುಸ್ತಕಗಳೂ ಅಟ್ಟದ ಮೇಲಿನ ಚಾಲಿಯೂ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಕೆಲಸಕ್ಕೆ ಸೇರಿ ಎರಡು ವರ್ಷ, ಊರು ಕುಮಟಾ ಕಡೆ, ಮನೆಯಲ್ಲಿ ಸ್ವಲ್ಪ ತೋಟ. ಗೆಳೆಯರು ಹೇಳಿದರೆಂದು ಹಣಕಾಸಿನ ಮೂರು ಜನಪ್ರಿಯ ಪುಸ್ತಕ ಓದಿದ್ದೀರಿ. ಒಂದು ಸಾಲ ಮಾಡಿಯಾದರೂ ಆಸ್ತಿ ಮಾಡು ಅನ್ನುತ್ತದೆ, ಇನ್ನೊಂದು ಸಾಲವೇ ವಿಷ ಅನ್ನುತ್ತದೆ, ಮೂರನೆಯದು ಇಂಡೆಕ್ಸ್ ಫಂಡಿಗೆ, ಅಂದರೆ ಸೂಚ್ಯಂಕದಲ್ಲಿರುವ ಕಂಪನಿಗಳನ್ನೆಲ್ಲ ಕೊಳ್ಳುವ ಫಂಡಿಗೆ, ಹಾಕಿ ಮಲಗು ಅನ್ನುತ್ತದೆ. ಇವುಗಳಿಂದ ಹೂಡಿಕೆಗೆ ಏನಾದರೂ ಉಪಯೋಗ ಉಂಟಾ, ಇಲ್ಲಾ ಬರೆದವರಿಗೆ ಮಾತ್ರ ಲಾಭವಾ?

ನಾನು ಶಿರಸಿ ಕಡೆಯವನು, ನೌಕರಿ ಕಾರವಾರದಲ್ಲಿ, ವಯಸ್ಸು 46. ಇಂಥ ಪುಸ್ತಕ ಹದಿನೈದಾದರೂ ಓದಿದ್ದೇನೆ, ಓದಿದ ಮೇಲೂ ಮಾಡಬಾರದ್ದನ್ನೆಲ್ಲ ಮಾಡಿದ್ದೇನೆ. ದುಡ್ಡು ಉಳಿಸುವ ಬುದ್ಧಿ ಬರಲಿಕ್ಕೆ ಅವು ಒಳ್ಳೆಯವು. ಹೂಡಿಕೆಯ ಸಲಹೆ ಅಂತ ಅವುಗಳಲ್ಲಿ ಇರುವುದು ಒಂದು ಪೋಸ್ಟ್‌ಕಾರ್ಡಿನಲ್ಲಿ ಹಿಡಿಯುವಷ್ಟು. ಖರ್ಚಿಗಿಂತ ಹೆಚ್ಚು ದುಡಿ, ಬಡ್ಡಿ ಜಾಸ್ತಿ ಇರುವ ಸಾಲ ತೀರಿಸು, ಕಡಿಮೆ ಶುಲ್ಕದ ಫಂಡಿಗೆ ಹಾಕು, ಮುಟ್ಟಬೇಡ. ಉಳಿದ ಇನ್ನೂರೈವತ್ತು ಪುಟ ಇರುವುದು ಈ ಕಾರ್ಡನ್ನು ನಂಬಿಸಲಿಕ್ಕೆ. ಆ ನಂಬಿಸುವ ಕೆಲಸ ಸಣ್ಣದು ಅಂತ ಮಾತ್ರ ತಿಳಿಯಬೇಡಿ.

ಯಾಕೆಂದರೆ ನಮ್ಮಪ್ಪನ ಕಥೆ ನನಗೆ ಗೊತ್ತು. ಷೇರು ಪೇಟೆಯ ಹೆಸರೆತ್ತಿದರೆ "ಅದೆಲ್ಲ ಓಸಿ ಆಟ" ಅನ್ನುತ್ತಿದ್ದರು, ಅಂದರೆ ಜೂಜು. ಅವರು ವರ್ಷವರ್ಷವೂ ಅದೇ ಆಟ ಆಡುತ್ತಿದ್ದರು, ಅಟ್ಟದ ಮೇಲೆ. ಒಂದು ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆಯ ದರ ಏರತೊಡಗಿತು. ಅಟ್ಟದಲ್ಲಿ ಹದಿನಾಲ್ಕು ಚೀಲ. ಅಪ್ಪ ಪೇಪರಿನಲ್ಲಿ ಶಿರಸಿ ಟೆಂಡರ್ ದರ ನೋಡುವುದು, ಗೋಡೆಯ ಕ್ಯಾಲೆಂಡರಿನ ಅಂಚಿಗೆ ಪೆನ್ಸಿಲ್ಲಿನಲ್ಲಿ ಬರೆಯುವುದು. ಆಯಿ "ಕೊಟ್ಟುಬಿಡಿ, ಸಾಕು" ಅಂದರೆ, "ಇನ್ನೂ ಏರ್ತು ತಡಿ, ಗಡಿಬಿಡಿ ಎಂತಕ್ಕೆ?" ಏರಿತು ಕೂಡ. ಆಮೇಲೆ ಇಳಿಯಿತು. "ಇದು ವ್ಯಾಪಾರಸ್ಥರ ಆಟ, ಮತ್ತೆ ಬರ್ತು" ಅಂದರು. ದೀಪಾವಳಿ ಕಳೆದು ಚೀಲ ಕೆಳಗಿಳಿಸಿದಾಗ ಎರಡು ಚೀಲಕ್ಕೆ ಹುಳ ಹೊಡೆದಿತ್ತು, ತೂಕ ಕಳೆದಿತ್ತು. ಸಿಕ್ಕ ದರ ಅಂಚಿನಲ್ಲಿ ಬರೆದಿಟ್ಟ ದೊಡ್ಡ ಅಂಕಿಗಿಂತ ಮೂರನೇ ಒಂದು ಪಾಲು ಕಡಿಮೆ. ಆ ಪೆನ್ಸಿಲ್ ಅಂಕಿಗಳು ಹೊಸ ಕ್ಯಾಲೆಂಡರ್ ಬರುವವರೆಗೂ ಗೋಡೆಯಲ್ಲೇ ಇದ್ದವು. ಯಾರೂ ಆ ಬಗ್ಗೆ ಮಾತಾಡಲಿಲ್ಲ.

ನೆರೆಮನೆಯವರು ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ಜನ ಅಲ್ಲ. ಬೆಳೆಯನ್ನು ನಾಲ್ಕು ಪಾಲು ಮಾಡಿ ಮೂರು ತಿಂಗಳಿಗೊಮ್ಮೆ ಒಂದು ಪಾಲು ಒಯ್ದು ಹಾಕಿ ಬರುವುದು, ದರ ಎಷ್ಟೇ ಇರಲಿ. ಅವರಿಗೆ ಮೇಲಿನ ದರ ಯಾವ ವರ್ಷವೂ ಪೂರ್ತಿ ಬೆಳೆಗೆ ಸಿಗಲಿಲ್ಲ, ಕೆಳಗಿನ ದರವೂ ಸಿಗಲಿಲ್ಲ. ಪುಸ್ತಕಗಳಲ್ಲಿ ಎಸ್‌ಐಪಿ ಎಂದು, ದರ ನೋಡದೆ ತಿಂಗಳಿಗಿಷ್ಟು ಹೂಡುವುದೆಂದು, ಅಧ್ಯಾಯಗಟ್ಟಲೆ ಬರೆಯುವುದು ಇದನ್ನೇ, ತಿರುಗಿಸಿ. ಅಲ್ಲಿ ಮಾರುವ ಬದಲು ಕೊಳ್ಳುವುದು. ಅಮೆರಿಕದ ಹೂಡಿಕೆ ಪಂಡಿತ ಬೆಂಜಮಿನ್ ಗ್ರಹಾಂ 1949ರ ತಮ್ಮ ಪುಸ್ತಕದಲ್ಲಿ ದಿನಾ ಬಾಗಿಲಿಗೆ ಬಂದು ಹೊಸ ಹೊಸ ದರ ಕೂಗುವ 'ಮಿಸ್ಟರ್ ಮಾರ್ಕೆಟ್' ಎಂಬ ತಲೆತಿರುಕ ಪಾಲುದಾರನೊಬ್ಬನನ್ನು ಸೃಷ್ಟಿಸಿದ್ದಾರೆ. ಅದನ್ನು ಓದುವಾಗ ನನಗೆ ಕಂಡದ್ದು ಆ ಕ್ಯಾಲೆಂಡರಿನ ಅಂಚು.

ಓದಿ ಬುದ್ಧಿ ಬಂತಾ? ಇಲ್ಲ. 2007ರ ಕೊನೆಯಲ್ಲಿ, ಎಲ್ಲರೂ ಲಾಭದ ಮಾತಾಡುವಾಗ, ಮ್ಯೂಚುವಲ್ ಫಂಡಿಗೆ ಕೈ ಹಾಕಿದೆ. 2008ರ ಜನವರಿಯಲ್ಲಿ ಷೇರು ಸೂಚ್ಯಂಕ ಸೆನ್ಸೆಕ್ಸ್ 21,000 ಮುಟ್ಟಿತು. ಅದೇ ಅಕ್ಟೋಬರಿನಲ್ಲಿ 9,000ಕ್ಕಿಂತ ಕೆಳಗೆ. 'ಕುಸಿದಾಗ ಮಾರಬೇಡಿ' ಎಂಬ ಸಾಲಿಗೆ ನಾನೇ ಅಡಿಗೆರೆ ಹಾಕಿದ್ದ ಪುಸ್ತಕ ಮೇಜಿನ ಮೇಲಿತ್ತು, ನಾನು ಮಾರಿದೆ. ಇನ್ನು 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,934 ಅಂಶ ಬಿತ್ತು, ಅಂದರೆ ನೂರಕ್ಕೆ ಹದಿಮೂರು. ಆ ಸಲ ನಾನು ಮಾರಲಿಲ್ಲ. ಜ್ಞಾನೋದಯ ಅಂತ ತಿಳಿಯಬೇಡಿ. ಅದರ ಹಿಂದಿನ ಶನಿವಾರವೇ ಊರಿಗೆ ಹೋಗಿದ್ದೆ, ನಮ್ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಸಿಗ್ನಲ್ ಬೇಕಂದರೆ ಹಿಂದಿನ ಗುಡ್ಡ ಹತ್ತಬೇಕು. ಹತ್ತಲಿಕ್ಕೆ ಬೇಜಾರಾಯಿತು. ನನ್ನ ಹೂಡಿಕೆಯ ಬದುಕಿನಲ್ಲೇ ಅತಿ ಹೆಚ್ಚು ಲಾಭ ತಂದದ್ದು ಆ ಗುಡ್ಡ.

ಇನ್ನು ಪುಸ್ತಕಗಳು ಒಂದಕ್ಕೊಂದು ತಾಳೆಯಾಗದ ವಿಷಯ. ಯೇಲ್ ವಿಶ್ವವಿದ್ಯಾಲಯದ ಜೇಮ್ಸ್ ಚೋಯ್ ಎಂಬ ಪ್ರಾಧ್ಯಾಪಕರು ಇಂಥ 50 ಜನಪ್ರಿಯ ಪುಸ್ತಕ ತೆಗೆದುಕೊಂಡು, ಅವು ಹೇಳುವುದಕ್ಕೂ ಅರ್ಥಶಾಸ್ತ್ರದ ಲೆಕ್ಕಕ್ಕೂ ಎಲ್ಲೆಲ್ಲಿ ವ್ಯತ್ಯಾಸ ಎಂದು 2022ರಲ್ಲಿ ಒಂದು ಪ್ರಬಂಧ ಬರೆದರು. ಅರ್ಥಶಾಸ್ತ್ರದ ಪ್ರಕಾರ, ಮುಂದೆ ಸಂಬಳ ಏರುತ್ತದೆ ಎಂಬ ಖಾತ್ರಿ ಇರುವ ಹುಡುಗ ಈಗಲೇ ಹೊಟ್ಟೆ ಕಟ್ಟಿ ಉಳಿಸಬೇಕಾಗಿಲ್ಲ. ಪುಸ್ತಕಗಳು ಮೊದಲ ಸಂಬಳದಿಂದಲೇ ಉಳಿಸು ಅನ್ನುತ್ತವೆ, ಲೆಕ್ಕಕ್ಕಲ್ಲ, ಅಭ್ಯಾಸಕ್ಕೆ. ಸಾಲದ ವಿಷಯವೂ ಹಾಗೇ. ಲೆಕ್ಕ ಹೇಳುವುದು ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸು ಎಂದು. ಕೆಲವು ಪುಸ್ತಕ ಹೇಳುವುದು ಸಣ್ಣ ಸಾಲ ಮೊದಲು ತೀರಿಸು, ಮನಸ್ಸಿಗೆ ಹುರುಪು ಬರುತ್ತದೆ ಎಂದು. ಎರಡರಲ್ಲೂ ತಿರುಳಿದೆ. ಆದರೆ ಆ ಸಣ್ಣ ಸಾಲದ ಸೂತ್ರ ತಂದು ನಮ್ಮೂರಲ್ಲಿ ಇಟ್ಟು ನೋಡಿ. ನಮ್ಮ ರಾಜ್ಯದಲ್ಲಿ ಸಹಕಾರಿ ಸಂಘದ ಅಲ್ಪಾವಧಿ ಬೆಳೆಸಾಲಕ್ಕೆ, 2023-24ರಿಂದ 5 ಲಕ್ಷದವರೆಗೆ, ವಾಯಿದೆಯೊಳಗೆ ಕಟ್ಟಿದರೆ ಬಡ್ಡಿಯೇ ಇಲ್ಲ. ಪಕ್ಕದಲ್ಲೇ ಬಂಗಾರದ ಮೇಲಿನ ಸಾಲ ನೂರಕ್ಕೆ ಹತ್ತು-ಹನ್ನೆರಡು. ಬೆಳೆಸಾಲ ಒಂದು ಲಕ್ಷ, ಬಂಗಾರದ ಸಾಲ ಎರಡು ಲಕ್ಷ ಇದ್ದರೆ ಸೂತ್ರದ ಪ್ರಕಾರ ಬಡ್ಡಿಯಿಲ್ಲದ್ದನ್ನು ಅವಧಿಗೆ ಮೊದಲೇ ತೀರಿಸಿ, ಬಡ್ಡಿ ಬೆಳೆಯುವುದನ್ನು ಬೆಳೆಯಲು ಬಿಡಬೇಕು! ನಮ್ಮ ಸೊಸೈಟಿಯ ಗುಮಾಸ್ತೆ ನಕ್ಕುಬಿಡುತ್ತಾನೆ.

ನಿಮ್ಮ ಮೊದಲನೇ ಪುಸ್ತಕದ 'ಒಳ್ಳೆಯ ಸಾಲ'ವೂ ಹೀಗೇ. ಅಮೆರಿಕದಲ್ಲಿ ಮನೆ ಸಾಲಕ್ಕೆ ಮೂವತ್ತು ವರ್ಷ ಬದಲಾಗದ ಬಡ್ಡಿ ಸಿಗುತ್ತದೆ. ಇಲ್ಲಿ ಹೆಚ್ಚಿನ ಮನೆ ಸಾಲದ ಬಡ್ಡಿ ರಿಸರ್ವ್ ಬ್ಯಾಂಕಿನ ರೆಪೋ ದರದ ಜೊತೆ ಏರಿಳಿಯುತ್ತದೆ. ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಒಂದೂವರೆ ಲಕ್ಷ ವಾರ್ಷಿಕ ಬಾಡಿಗೆ ಬರುವ ಫ್ಲ್ಯಾಟಿಗೆ ಐವತ್ತು ಲಕ್ಷ ಸಾಲ ಮಾಡಿದರೆ ಕಿಸೆಗೆ ದುಡ್ಡು ಬರುವುದಿಲ್ಲ, ಕಿಸೆಯಿಂದ ಹೋಗುತ್ತದೆ. ಈ ಪುಸ್ತಕದ ಬಗ್ಗೆ ಇಷ್ಟು ಸಾಕು.

ಎಲ್ಲ ಪುಸ್ತಕಗಳೂ ಎಡವುವ ಒಂದು ಜಾಗ ಇದೆ. ಅವು ತಿಂಗಳ ಸಂಬಳದವರಿಗೆ ಬರೆದವು. ತುರ್ತು ನಿಧಿ ಎಂದು ಆರು ತಿಂಗಳ ಖರ್ಚು ಇಟ್ಟುಕೊಳ್ಳಿ ಅನ್ನುತ್ತವೆ. ಅಡಿಕೆಯ ಮನೆಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ. ಒಂದು ಮಳೆಗಾಲ ಕೊಳೆರೋಗ ಬಂತು ಅಂದರೆ ಬೆಳೆ ಅರ್ಧಕ್ಕೆ ಬರಬಹುದು, ಅದನ್ನು ತಡೆಯುವ ಬೋರ್ಡೋ ದ್ರಾವಣ ಎರಡು ಸಲದ ಬದಲು ಮೂರು ಸಲ ಹೊಡೆಸಬೇಕು, ಮರ ಹತ್ತುವ ಕೊನೆಗೌಡನ ಕೂಲಿ ಬೇರೆ. ಆಗ ಮುಂದಿನ ಪೂರ್ತಿ ಬೆಳೆ ಕೈಗೆ ಬರಲು ಒಂದೂವರೆ ವರ್ಷ. ಆರು ತಿಂಗಳ ನಿಧಿ ಗಣೇಶ ಚೌತಿಗೇ ಮುಗಿದಿರುತ್ತದೆ. ಕರಾವಳಿಯ ದೋಣಿಯವರದ್ದು ಇನ್ನೊಂದು ಬಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, 61 ದಿನ ಸೊನ್ನೆ ಅಂತ ಮೊದಲೇ ಗೊತ್ತಿರುತ್ತದೆ. ಪ್ರತಿ ತಿಂಗಳ ಐದನೇ ತಾರೀಕು ಇಷ್ಟು ಕಟ್ ಆಗಲಿ ಎಂಬ ಸಲಹೆ ಅವರಿಗೆ ಯಾವ ಕೆಲಸಕ್ಕೂ ಬರುವುದಿಲ್ಲ.

'ಎಲ್ಲ ಮೊಟ್ಟೆ ಒಂದೇ ಬುಟ್ಟಿಯಲ್ಲಿಡಬೇಡ' ಎನ್ನುವುದನ್ನು ನಮ್ಮ ತೋಟದವರಿಗೆ ಹೇಳಿಕೊಡಬೇಕಾಗಿಲ್ಲ. ಅಡಿಕೆ ಮರಕ್ಕೆ ಕಾಳುಮೆಣಸು, ನಡುವೆ ಬಾಳೆ, ತಂಪಿದ್ದಲ್ಲಿ ಏಲಕ್ಕಿ. ಆದರೆ ಅದರೊಳಗೂ ಒಂದು ತೊಡಕಿದೆ. ಅಡಿಕೆಯ ಕೊಳೆಗೂ ಮೆಣಸಿನ ಬಳ್ಳಿ ಸೊರಗುವುದಕ್ಕೂ ಕಾರಣ ಫೈಟೋಫ್ಥೊರಾ ಎಂಬ ಒಂದೇ ಕುಲದ ರೋಗಾಣುಗಳು, ಎರಡಕ್ಕೂ ಬೇಕಾದದ್ದು ಬಿಡದೆ ಹೊಯ್ಯುವ ಮಳೆ. ಅಡಿಕೆ ಉದುರಿದ ವರ್ಷವೇ ಬಳ್ಳಿಯೂ ಸತ್ತಿತು ಎಂದು ಎಷ್ಟು ಮನೆಯವರು ಹೇಳುವುದನ್ನು ಕೇಳಿಲ್ಲ! ಐದು ಹೆಸರಿನ ಐದು ಫಂಡ್ ಕೊಂಡು, ಒಳಗೆ ನೋಡಿದರೆ ಐದರಲ್ಲೂ ಅವೇ ನಾಲ್ಕು ದೊಡ್ಡ ಬ್ಯಾಂಕು ಇದ್ದ ಹಾಗೆ. ಬೆಳೆ ಎರಡಾದರೆ ಸಾಲದು, ಎರಡನ್ನೂ ಕೊಲ್ಲುವ ಮಳೆ ಬೇರೆಬೇರೆ ಇರಬೇಕು. ನಿಮ್ಮ ನೌಕರಿ ಹಾಗಿರುವ ಬೆಳೆ. ಮಳೆಗೂ ಅದಕ್ಕೂ ಸಂಬಂಧ ಇಲ್ಲ.

ವರ್ಷಕ್ಕೆ ಸರಾಸರಿ ಶೇಕಡಾ ಹನ್ನೆರಡು ಬರುತ್ತದೆ ಎಂದು ಪುಸ್ತಕಗಳು ಹೇಳುವ ಮಾತಿಗೂ ಸ್ವಲ್ಪ ಎಚ್ಚರ. ಒಂದು ವರ್ಷ 50 ಏರಿ ಮರುವರ್ಷ 50 ಇಳಿದರೆ ಸರಾಸರಿ ಸೊನ್ನೆ, ಆದರೆ ನಿಮ್ಮ ನೂರು ರೂಪಾಯಿ ಎಪ್ಪತ್ತೈದಾಗಿರುತ್ತದೆ. ಸರಾಸರಿ ತೋರಿಸಿ ಚಕ್ರಬಡ್ಡಿಯ ಆಸೆ ಹುಟ್ಟಿಸುವ ಪುಸ್ತಕಗಳಿವೆ. 25 ವರ್ಷಕ್ಕೆ ಒಂದು ಕೋಟಿ ಅಂತ ತೋರಿಸಿದರೆ, ಬೆಲೆ ಏರಿಕೆ ಶೇಕಡಾ 6 ಹಿಡಿದರೂ ಅದು ಇವತ್ತಿನ 23 ಲಕ್ಷ ಅಷ್ಟೇ. ಅದೇ ಪುಸ್ತಕಗಳು ಶುಲ್ಕದ ಬಗ್ಗೆ ಹೇಳುವುದನ್ನು ಮಾತ್ರ ಕಣ್ಣುಮುಚ್ಚಿ ಕೇಳಿ. ತಿಂಗಳಿಗೆ 10,000ದಂತೆ 25 ವರ್ಷ ಹಾಕಿದರೆ ಶೇಕಡಾ 11ರಲ್ಲಿ ಸುಮಾರು 1 ಕೋಟಿ 57 ಲಕ್ಷ, ಶೇಕಡಾ 10ರಲ್ಲಿ 1 ಕೋಟಿ 32 ಲಕ್ಷ. ಒಂದು ಪರ್ಸೆಂಟ್ ಕಮಿಷನ್ನಿನ ಬೆಲೆ 25 ಲಕ್ಷ. 2013ರ ಜನವರಿಯಿಂದ ಎಲ್ಲ ಫಂಡಿಗೂ ಏಜೆಂಟರ ಕಮಿಷನ್ ಇಲ್ಲದ 'ಡೈರೆಕ್ಟ್' ಪ್ಲಾನ್ ಇದೆ. ನನಗೆ ಅದು ತಿಳಿದದ್ದು ಆರು ವರ್ಷ ತಡವಾಗಿ.

ತಿಳಿಸುವವರು ಇರಲಿಲ್ಲ ಅಂತಲ್ಲ, ತಿಳಿಸದಿದ್ದರೆ ಲಾಭ ಇದ್ದವರು ಹತ್ತಿರ ಇದ್ದರು. ನೌಕರಿ ಸಿಕ್ಕ ವರ್ಷ ಪರಿಚಯದ ಏಜೆಂಟರೊಬ್ಬರು ಮನೆಗೆ ಬಂದು, ಆಯಿ ಮಾಡಿದ ಚಾ ಕುಡಿದು, ಒಂದು ಉಳಿತಾಯದ ವಿಮೆ ಮಾಡಿಸಿಹೋದರು. ವರ್ಷಕ್ಕೆ 24,000, ಇಪ್ಪತ್ತು ವರ್ಷ. ಮುಗಿದಾಗ ಬಂದದ್ದು ಸುಮಾರು 8 ಲಕ್ಷ 30 ಸಾವಿರ. ಎಲ್ಲರೂ ಹಬ್ಬ ಮಾಡಿದರು. ಕೂತು ಲೆಕ್ಕ ಹಾಕಿದರೆ ಶೇಕಡಾ 5. ಅದೇ ದುಡ್ಡು ಸರ್ಕಾರದ ಉಳಿತಾಯ ಯೋಜನೆಯಾದ ಪಿಪಿಎಫ್‌ನಲ್ಲಿ, 2020ರಿಂದ ಇರುವ 7.1ರ ದರ ಹಿಡಿದರೂ, 10 ಲಕ್ಷ 60 ಸಾವಿರ ದಾಟುತ್ತಿತ್ತು. ವಿಮೆ ಬೇರೆ, ಹೂಡಿಕೆ ಬೇರೆ ಎಂದು ಹೇಳದ ಪುಸ್ತಕ ಇಲ್ಲ. ನಾನು ಅದನ್ನು ಓದಿದ್ದು ಎಂಟನೇ ಕಂತು ಕಟ್ಟಿದ ಮೇಲೆ.

ಇನ್ನೊಂದು ಸಂಗತಿ ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ, ನಮ್ಮ ಜಿಲ್ಲೆಗೆ ಅದೇ ಮುಖ್ಯ. ಬ್ಯಾಂಕು ಮುಳುಗಿದರೆ ಇಟ್ಟ ದುಡ್ಡು ಕೊಡಿಸುವ ಠೇವಣಿ ವಿಮೆ 2020ರ ಫೆಬ್ರವರಿಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಇದೆ. ಸಹಕಾರಿ ಬ್ಯಾಂಕಿಗೂ ಇದೆ. ಆದರೆ ಪ್ರಾಥಮಿಕ ಸಹಕಾರಿ ಸಂಘ, ಪತ್ತಿನ ಸಂಘಗಳಿಗೆ ಇಲ್ಲ. ನಮಗೆ ಎರಡಕ್ಕೂ ಇರುವುದು ಒಂದೇ ಹೆಸರು, 'ಸೊಸೈಟಿ'. ನಮ್ಮ ಸಂಬಂಧಿಕರೊಬ್ಬರು ನಿವೃತ್ತಿಯ ದುಡ್ಡನ್ನು ಒಂದೂವರೆ ಪರ್ಸೆಂಟ್ ಜಾಸ್ತಿ ಬರುತ್ತದೆಂದು ಒಂದು ಪತ್ತಿನ ಸಂಘದಲ್ಲಿಟ್ಟರು. ಹೆಸರು ಬೇಡ. ಮೂರು ವರ್ಷದಿಂದ ಪ್ರತಿ ತಿಂಗಳು ಹೋಗಿ ಬೆಂಚಿನ ಮೇಲೆ ಕೂತು ಬರುತ್ತಾರೆ. ಒಳ್ಳೆಯ ಸಂಘಗಳು ನಮ್ಮಲ್ಲಿ ಬೇಕಾದಷ್ಟಿವೆ, ಅಡಿಕೆ ಬೆಳೆಗಾರರನ್ನು ನಿಲ್ಲಿಸಿದ್ದೇ ಅವು. ನಾನು ಹೇಳುವುದು ವ್ಯವಹಾರಕ್ಕೆ ಸೊಸೈಟಿ ಇರಲಿ, ಇಡೀ ಬದುಕಿನ ಗಂಟು ಅಲ್ಲೇ ಇರಬಾರದು ಎಂದಷ್ಟೇ.

ಪುಸ್ತಕ ಹಳತಾಗುವುದೂ ಬೇಗ. ಆದಾಯ ತೆರಿಗೆ ಉಳಿಸುವ 80ಸಿ ಕಲಮಿಗೆ ನಲವತ್ತು ಪುಟ ಇದ್ದರೆ, ಹೊಸ ತೆರಿಗೆ ಪದ್ಧತಿಯಲ್ಲಿ ಅದಿಲ್ಲ. ಸಾಲಪತ್ರಗಳಲ್ಲಿ ಹೂಡುವ ಡೆಟ್ ಫಂಡಿನ ತೆರಿಗೆ ಲಾಭದ ಅಧ್ಯಾಯ 2023ರ ಏಪ್ರಿಲ್‌ನಿಂದಾಚೆಯ ಹೂಡಿಕೆಗೆ ಅನ್ವಯಿಸುವುದಿಲ್ಲ. ಚಾ ಬಿಟ್ಟು ಕೋಟ್ಯಧಿಪತಿಯಾಗುವ ಅಧ್ಯಾಯ ಮಾತ್ರ ಎಂದಿಗೂ ಹಳತಾಗುವುದಿಲ್ಲ. ದಿನಕ್ಕೆ 20 ರೂಪಾಯಿಯ ಚಾ ಬಿಟ್ಟರೆ ವರ್ಷಕ್ಕೆ 7,300 ಉಳಿಯುತ್ತದೆ, ಕಾರವಾರದ ಮಳೆಗಾಲದಲ್ಲಿ ಚಾ ಬಿಟ್ಟವನನ್ನು ನಾನು ಕಂಡಿಲ್ಲ.

ನಿಮ್ಮ ಮೂರರಲ್ಲಿ ನಾನಾದರೆ ಮೂರನೆಯದನ್ನು ಇಟ್ಟುಕೊಂಡು ಉಳಿದೆರಡನ್ನು ಯಾರಿಗಾದರೂ ಕೊಡುತ್ತೇನೆ. ಸಂಬಳದ ಪಾಲಿಗೆ ಅದು ಹೇಳಿದಂತೆ ಮಾಡಿ. ತೋಟದ ಪಾಲಿಗೆ ಹಾಗಾಗುವುದಿಲ್ಲ, ಅದರ ವಿವರ ನೀವು ಬರೆದಿಲ್ಲ. ಎಕರೆ ಎಷ್ಟು, ಚಾಲಿ ಮಾಡುತ್ತೀರೋ ಹಸಿ ಅಡಿಕೆ ಬೇಯಿಸಿ ರಾಶಿ ಮಾಡುತ್ತೀರೋ, ಬೆಳೆಸಾಲ ಎಷ್ಟಿದೆ, ಠೇವಣಿ ಇರುವುದು ಬ್ಯಾಂಕಿನಲ್ಲೋ ಸಂಘದಲ್ಲೋ? ಇಷ್ಟು ತಿಳಿಸಿ. ಅಟ್ಟದಲ್ಲಿ ಚೀಲ ಇದ್ದರೆ ಅದನ್ನೂ.