ಓದುಗರ ಪ್ರಶ್ನೆ: ನದಿಯ ಮೆಕ್ಕಲಿನಡಿ ಉಳಿಯುವ ವಸತಿಗಳು

ಪ್ರಶ್ನೆ: ನದಿಗಳು ದಡವನ್ನು ಕೊರೆಯುತ್ತವೆ, ಪಾತ್ರವನ್ನೂ ಬದಲಿಸುತ್ತವೆ. ಹಾಗಿದ್ದರೂ ನದೀತೀರದ ಹೊಲಗಳ ಕೆಳಗೆ ಸಾವಿರಾರು ವರ್ಷ ಹಿಂದಿನ ಕುರುಹುಗಳು ಉಳಿಯುವುದು ಹೇಗೆ? ಅವು ಅಲ್ಲಿವೆಯೆಂದು ಪುರಾತತ್ತ್ವಜ್ಞರಿಗೆ ತಿಳಿಯುವುದಾದರೂ ಹೇಗೆ?

ಉತ್ತರ: ಒಂದು ದಡವನ್ನು ಕೊರೆಯುವ ನದಿಯೇ ಇನ್ನೊಂದೆಡೆ ಮೆಕ್ಕಲು ಮಣ್ಣನ್ನು ಹರಡುತ್ತದೆ, ಪ್ರತಿ ಪ್ರವಾಹ ಬಿಟ್ಟುಹೋಗುವ ತೆಳು ಪದರಗಳು ಶತಮಾನಗಳ ಕಾಲ ಒಂದರ ಮೇಲೊಂದು ಕೂಡಿ, ಹಳೆಯ ನೆಲವನ್ನು ನೇಗಿಲಿಗೆ ಎಟುಕದ ಆಳದಲ್ಲಿ ಹುದುಗಿಸುತ್ತವೆ. ನದಿ ತೊರೆದ ಹಳೆಯ ಪಾತ್ರ ಜೌಗಾಗಿ ಉಳಿದರಂತೂ ರಕ್ಷಣೆ ಇನ್ನೂ ಹೆಚ್ಚು. ಕೆಸರಿನೊಳಗೆ ಆಮ್ಲಜನಕ ಸುಳಿಯದ ಕಾರಣ ಮರ, ನಾರು, ಬೀಜಗಳನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳ ಕೆಲಸ ಬಹುಮಟ್ಟಿಗೆ ನಿಂತುಹೋಗುತ್ತದೆ.

ಇಂಗ್ಲೆಂಡಿನ ಕೇಂಬ್ರಿಜ್‌ಶೈರಿನಲ್ಲಿರುವ ಮಸ್ಟ್ ಫಾರ್ಮ್ ಇದಕ್ಕೆ ಅತ್ಯುತ್ತಮ ನಿದರ್ಶನ. ಸುಮಾರು ಕ್ರಿ.ಪೂ. 850ರಲ್ಲಿ ಅಲ್ಲಿ ನಿಧಾನವಾಗಿ ಹರಿಯುವ ನೀರಿನ ಮೇಲೆ ಕಂಬಗಳನ್ನು ನೆಟ್ಟು ದುಂಡನೆಯ ಮನೆಗಳನ್ನು ಕಟ್ಟಿದ್ದರು. ಕಟ್ಟಿದ ಒಂದು ವರ್ಷದೊಳಗೇ, ಮರ ಇನ್ನೂ ಹಸಿಯಾಗಿದ್ದಾಗಲೇ, ಬೆಂಕಿ ಬಿದ್ದು ಅವು ನೀರಿಗೆ ಕುಸಿದವು. ಒಂದೊಂದು ಮನೆಯ ಸಾಮಾನು ಆ ಮನೆಯ ಕೆಳಗೇ ಕೆಸರಿನಲ್ಲಿ ಹೂತಿದ್ದರಿಂದ 2015-16ರ ಉತ್ಖನನದಲ್ಲಿ ಅಗಸೆ ನಾರಿನ ಬಟ್ಟೆ, ಕಂಚಿನ ಉಪಕರಣ, ಗಾಜಿನ ಮಣಿ, ಆಹಾರ ಇನ್ನೂ ಅಂಟಿಕೊಂಡಿದ್ದ ಪಾತ್ರೆಗಳು ದೊರೆತವು. ಅದೇ ಪರಿಸರದ ಹಳೆಯ ನದೀಪಾತ್ರದಲ್ಲಿ 2011ರಲ್ಲಿ ಒಂಬತ್ತು ಮರದ ದೋಣಿಗಳೂ ಸಿಕ್ಕಿದ್ದವು. ಅರಸರ ನಿಧಿಗಳಿಗಿಂತ ಇಂಥ ಅಡುಗೆಮನೆಯ ಸಾಕ್ಷ್ಯವೇ ನನಗೆ ಹೆಚ್ಚು ಅಮೂಲ್ಯವೆನಿಸುತ್ತದೆ, ಏಕೆಂದರೆ ಸಾಮಾನ್ಯ ಜನರು ಏನು ಉಂಡರು, ಏನು ನೇಯ್ದರು ಎಂಬುದು ಬೇರೆಲ್ಲೂ ಇಷ್ಟು ಸ್ಪಷ್ಟವಾಗಿ ಉಳಿಯುವುದು ಅಪರೂಪ.

ಇನ್ನು ಪತ್ತೆಯ ವಿಷಯ. ಹಿಂದೆ ತೋಡಿ, ಬಳಿಕ ಮುಚ್ಚಿಹೋದ ಕಂದಕದ ಮಣ್ಣು ಸುತ್ತಲಿನ ನೆಲಕ್ಕಿಂತ ಹೆಚ್ಚು ತೇವ ಹಿಡಿಯುವುದರಿಂದ ಮಳೆಯಿಲ್ಲದ ಬೇಸಿಗೆಯಲ್ಲಿ ಅದರ ಮೇಲಿನ ಬೆಳೆ ಮಾತ್ರ ಹಸಿರಾಗಿ, ಎತ್ತರವಾಗಿ ನಿಲ್ಲುತ್ತದೆ. ಹೂತುಹೋದ ಕಲ್ಲುಗೋಡೆಯ ಮೇಲಾದರೆ ಬೇಗ ಬಾಡುತ್ತದೆ. ಐರ್ಲೆಂಡಿನ ಬಾಯ್ನ್ ನದಿಯ ಕಣಿವೆಯಲ್ಲಿ, ಸುಮಾರು ಕ್ರಿ.ಪೂ. 3200ರ ನ್ಯೂಗ್ರೇಂಜ್ ಸಮಾಧಿಯ ಸಮೀಪ, 2018ರ ಬರಗಾಲದಲ್ಲಿ ಡ್ರೋನ್ ಕ್ಯಾಮೆರಾಕ್ಕೆ ಬೃಹತ್ ವೃತ್ತಾಕಾರದ ರಚನೆಯೊಂದು ಕಂಡದ್ದು ಹೀಗೆಯೇ.

ಆದರೆ ದಪ್ಪ ಮೆಕ್ಕಲಿನಡಿ ಇರುವುದನ್ನು ಬೆಳೆ ತೋರಿಸಲಾರದು. ಮಸ್ಟ್ ಫಾರ್ಮಿನ ಕಂಬಗಳು 1999ರಲ್ಲಿ ಕಣ್ಣಿಗೆ ಬಿದ್ದದ್ದು ಇಟ್ಟಿಗೆಯ ಜೇಡಿಮಣ್ಣಿಗಾಗಿ ತೋಡಿದ ಗಣಿಯ ಅಂಚಿನಲ್ಲಿ. ಹೀಗಾಗಿ ನದೀಬಯಲುಗಳಲ್ಲಿ ಮರಳು, ಜಲ್ಲಿ, ಜೇಡಿಮಣ್ಣು ತೆಗೆಯುವ ಮೊದಲೇ ಪರಿಶೀಲನೆ ನಡೆಯಬೇಕು. ಅಗೆಯದೆ ಬಿಟ್ಟ ಮಾತ್ರಕ್ಕೆ ಎಲ್ಲವೂ ಸುರಕ್ಷಿತವೆಂದೂ ತಿಳಿಯಬಾರದು: ಕಾಲುವೆ ತೋಡಿ ಜೌಗನ್ನು ಬಸಿದರೆ ಅಂತರ್ಜಲ ಇಳಿದು ಗಾಳಿ ಒಳಹೊಕ್ಕು, ಮೂರು ಸಾವಿರ ವರ್ಷ ಕೆಡದೆ ಉಳಿದ ಮರವೂ ಮಣ್ಣಿನೊಳಗೆ ಯಾರ ಗಮನಕ್ಕೂ ಬಾರದೆ ಕೊಳೆಯತೊಡಗುತ್ತದೆ.